ಲೋಟವೇ ಉಕ್ಕಲಿಲ್ಲ, ಅಂಡರ್‌ಪಾಸ್ ಉಕ್ಕಿತು

ಮಾನ್ಯ ಸಂಪಾದಕರೇ,

‘2100ಕ್ಕೆ ಕರಾವಳಿ ಮುಳುಗಡೆ’ ಅಂತ ಇವತ್ತಿನ ಮೂರನೇ ಪುಟದಲ್ಲಿ ಹಾಕಿದ್ದೀರಲ್ಲ, ಸಮುದ್ರ ಏರುವ ಬಗ್ಗೆ ನಿನ್ನೆ ನಡೆದ ಆ ಸಭೆಯಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದವನು ನಾನು. ಹತ್ತು ಗಂಟೆಗೆ ಅಂತ ಕರೆದರು. ಶುರುವಾಗಿದ್ದು ಹನ್ನೆರಡೂ ಕಾಲಿಗೆ. ಅಲ್ಲಿವರೆಗೆ ಒಂದು ಪೊಟ್ಟಣ ಮಂಡಕ್ಕಿ, ಅದೂ ಮೆತ್ತಗಾಗಿತ್ತು.

ಸಾಹೇಬರು ಗಾಜಿನ ಲೋಟಕ್ಕೆ ಅಂಚಿನವರೆಗೂ ನೀರು ಹಾಕಿಸಿ, ಐಸ್ ತುಂಡು ತೇಲಿಬಿಟ್ಟು, ‘ನೋಡ್ತಾ ಇರಿ, ಕರಗಿದರೆ ಉಕ್ಕುತ್ತೆ, ಸಮುದ್ರವೂ ಹೀಗೇ’ ಅಂದರು. ನೋಡಿದೆವು. ಐಸ್ ಕರಗಿತು. ಒಂದು ಹನಿ ಚೆಲ್ಲಲಿಲ್ಲ. ಚೆಲ್ಲುವುದೂ ಇಲ್ಲ, ತೇಲುವ ಐಸ್ ತನ್ನ ಜಾಗ ಮೊದಲೇ ಹಿಡಿದಿರುತ್ತೆ. ಎಂಟನೇ ಕ್ಲಾಸಿನ ಮಕ್ಕಳಿಗೆ ಮೂವತ್ತು ವರ್ಷ ಇದನ್ನೇ ಹೇಳಿಕೊಟ್ಟವನು ನಾನು. ಸಮುದ್ರ ಏರುವುದು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ, ಬೆಟ್ಟಗಳು, ಹೀಗೆ ನೆಲದ ಮೇಲೆ ಕೂತ ಹಿಮ ಕರಗಿ ಬಂದು ಸೇರುವುದರಿಂದ. ಜೊತೆಗೆ ನೀರು ಬಿಸಿಯಾಗಿ ಹಿಗ್ಗುತ್ತೆ. ಲೋಟ ಹಾಗೇ ನಿಂತಿತ್ತು, ಸಾಹೇಬರು ಮುಂದಿನ ಸ್ಲೈಡಿಗೆ ಹೋದರು.

ಅದರಲ್ಲಿ ‘20 ಅಡಿ’. 2100ರೊಳಗೆ! ಗ್ರೀನ್‌ಲ್ಯಾಂಡಿನ ಹಿಮ ಪೂರ್ತಿ ಕರಗಿದರೆ ಸುಮಾರು 7 ಮೀಟರ್ ಏರುತ್ತೆ, ನಿಜ. ಆದರೆ ಅದು ಈ ಶತಮಾನದ ಮಾತಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2021ರಲ್ಲಿ ಕೊಟ್ಟ ಲೆಕ್ಕವೇ ಬೇರೆ: ಹೊಗೆ ತೀರಾ ಕಡಿಮೆ ಮಾಡಿದರೆ 28ರಿಂದ 55 ಸೆಂಟಿಮೀಟರ್, ಸಿಕ್ಕಾಪಟ್ಟೆ ಬಿಟ್ಟರೆ 63 ಸೆಂಟಿಮೀಟರಿನಿಂದ 1 ಮೀಟರ್. ಹಿಮ ಬೇಗ ಕುಸಿದರೆ ಇನ್ನೂ ಜಾಸ್ತಿ ಆಗಬಹುದು ಅಂತಲೂ ಬರೆದಿದ್ದಾರೆ. ಈ ಅಂಕಿ ಕೊಡೋ ಕಂಪ್ಯೂಟರ್ ಮಾಡೆಲ್ ಅಂದರೆ ಜ್ಯೋತಿಷ್ಯ ಅಲ್ಲ ಸ್ವಾಮಿ, ‘ಹೀಗೆ ಮಾಡಿದರೆ ಹೀಗಾಗುತ್ತೆ’ ಅನ್ನೋ ಲೆಕ್ಕ. ಒಂದು ಮೀಟರೇ ದಂಡೆಯವರ ಬದುಕು ಕೆಡಿಸೋಕೆ ಸಾಕು, ಅಲ್ವಾ? ಮತ್ತೆ 20 ಅಡಿ ಯಾಕೆ? ನೀವೂ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿದಿರಿ. ನಮ್ಮ ಮಗಳನ್ನು ಉಳ್ಳಾಲಕ್ಕೆ ಕೊಟ್ಟಿದ್ದೇವೆ. ಪೇಪರ್ ನೋಡಿದಾಗಿನಿಂದ ನಮ್ಮ ಮನೆಯವರು ಫೋನ್ ಕೆಳಗಿಟ್ಟಿಲ್ಲ, ‘ಮನೆ ಮಾರಿ ಬಂದ್ಬಿಡ್ರಿ’ ಅಂತ. ನನಗೆ ಕಾಫಿ ಸಿಕ್ಕಿದ್ದು ಹತ್ತೂವರೆಗೆ.

ಇನ್ನು ಸಭೆ ಮುಗಿಸಿ ಬರುವಾಗಿನ ಕಥೆ. ಮುಕ್ಕಾಲು ಗಂಟೆ ಮಳೆ ಹೊಡೆಯಿತು, ನಮ್ಮ ಅಂಡರ್‌ಪಾಸಿನಲ್ಲಿ ಸೊಂಟದವರೆಗೆ ನೀರು. ಒಂದು ಮೀಟರ್ ಏರೋಕೆ ಸಮುದ್ರಕ್ಕೆ ಮುಕ್ಕಾಲು ಶತಮಾನ ಬೇಕು, ನಮ್ಮವರಿಗೆ ಮುಕ್ಕಾಲು ಗಂಟೆ! ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ ಅಂತ ಪಾಠ ಮಾಡಿದವನೂ ನಾನೇ, ಸ್ಕೂಟರ್ ತಳ್ಳಿಕೊಂಡು ಒದ್ದೆಯಾದವನೂ ನಾನೇ. ಮೆಕ್ಯಾನಿಕ್‌ಗೆ 650 ರೂಪಾಯಿ. ಎಡಗಾಲಿನ ಚಪ್ಪಲಿ ಇನ್ನೂ ಅಲ್ಲೇ ಇರಬೇಕು.

ಚರಂಡಿ ಹೂಳು ತೆಗೆಸಿ ಅಂತ ಮೂರು ವರ್ಷದಿಂದ ಅರ್ಜಿ ಕೊಡ್ತಿದ್ದೇನೆ. ‘ಟೆಂಡರ್ ಆಗಿದೆ ಸರ್.’ ನಲ್ಲಿ ನೀರು ಎಂಟು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ. ಇ-ಖಾತೆಗೆ ಎಷ್ಟು ಸಲ ಓಡಾಡಿದೆ ಅಂತ ಬರೆದರೆ ನಿಮ್ಮ ಪುಟ ಸಾಲದು. ರಸ್ತೆ ಅಗಲ ಮಾಡ್ತೀವಿ ಅಂತ ನಮ್ಮ ಬೀದಿಯ ಎರಡು ಬೇವಿನ ಮರ ಕಡಿಸಿದವರೇ ನಿನ್ನೆ ವೇದಿಕೆ ಮೇಲೆ ಕುಂಡದ ಗಿಡಕ್ಕೆ ನೀರು ಹಾಕಿ ಫೋಟೊ ತೆಗೆಸಿಕೊಂಡರು. ರಸ್ತೆ ಮೊದಲಿನಷ್ಟೇ ಇದೆ.

ಸಂಬಂಧಪಟ್ಟವರು ಆ 20 ಅಡಿ ತಿದ್ದಬೇಕು, ಅಂಡರ್‌ಪಾಸನ್ನೂ ನೋಡಬೇಕು. ಎರಡೂ ಆಗಲ್ಲ ಅಂದರೆ ಸುಮ್ನೆ ಮನೆಯಲ್ಲಿರಲಿ, ನಮ್ಮನ್ನಂತೂ ಸಭೆಗೆ ಕರೆಯೋದು ಬೇಡ. ಸ್ವಲ್ಪವಾದರೂ ನಾಚಿಕೆ ಬೇಡವಾ?

– ನಿವೃತ್ತ ವಿಜ್ಞಾನ ಶಿಕ್ಷಕ, ದಾವಣಗೆರೆ