ಕಾಲು ಊತದ ಬಗ್ಗೆ ಅಮ್ಮನಿಗೆ

ಅಮ್ಮಾ,

ನಾವಿಬ್ಬರೂ ಚೆನ್ನಾಗಿದ್ದೇವೆ. ಅಪ್ಪ, ಅಜ್ಜಿ, ರಘು ಹೇಗಿದ್ದಾರೆ? ನಿನ್ನ ಪತ್ರ ಬಂತು. ಫೋಟೋದಲ್ಲಿ ನನ್ನ ಪಾದ ನೋಡಿದಾಗಿನಿಂದ ನಿದ್ದೆ ಬರುತ್ತಿಲ್ಲ ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಲು ಹೋದರೆ ಮಧ್ಯದಲ್ಲೇ ಅಳುತ್ತೀಯ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು, ಅಜ್ಜಿಗೂ ಓದಿ ಹೇಳು.

ಮೊದಲು ಮುಖ್ಯವಾದದ್ದು. ಮೊನ್ನೆ ತೋರಿಸಿದಾಗ ಬಿಪಿ 112/70 ಇತ್ತು. ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಮಗು ಚೆನ್ನಾಗಿ ಒದೆಯುತ್ತಿದೆ. ಕಾಲು ಊದಿರುವುದು ನಿಜ. ಸಂಜೆ ಹೊತ್ತಿಗೆ ಕಣಕಾಲಿನ ಮೂಳೆಯೇ ಕಾಣುವುದಿಲ್ಲ, ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ಆದರೆ ಬೆಳಿಗ್ಗೆ ಏಳುವಷ್ಟರಲ್ಲಿ ಮುಕ್ಕಾಲು ಪಾಲು ಇಳಿದಿರುತ್ತದೆ. ಬಸುರಿಯ ಮೈಯಲ್ಲಿ ರಕ್ತ ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿಯಾಗಿರುತ್ತದೆ, ಮೇಲಿಂದ ಗರ್ಭಕೋಶದ ಭಾರ ಕಾಲಿನ ರಕ್ತ ವಾಪಸ್ ಹೋಗುವ ದೊಡ್ಡ ನಾಳವನ್ನು ಒತ್ತುತ್ತದೆ. ಹಾಗಾಗಿ ನೀರಿನಂಶ ಜಿನುಗಿ ಪಾದದಲ್ಲಿ ನಿಲ್ಲುತ್ತದೆ. ಕೊನೆಯ ತಿಂಗಳುಗಳಲ್ಲಿ ತುಂಬಾ ಜನರಿಗೆ ಹೀಗಾಗುತ್ತದೆ, ನನ್ನೊಬ್ಬಳಿಗೇ ಅಲ್ಲ.

ಅಜ್ಜಿ ನಂಜು ಅಂದರಂತೆ, ಅಂದರೆ ಬಸಿರಿನಲ್ಲಿ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಕಾಯಿಲೆ. ನಿನ್ನ ಹೆದರಿಕೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು ಅಮ್ಮ. ನನ್ನನ್ನು ಹೆರುವಾಗ ನಿನಗೆ ಬಿಪಿ ಏರಿ, ಮುಖವೆಲ್ಲ ಬಾತುಕೊಂಡಿತ್ತಲ್ವಾ? ಇಲ್ಲಿಯ ಮಿಡ್‌ವೈಫ್ ಮೊದಲ ಭೇಟಿಯಲ್ಲೇ ಅದನ್ನು ಕೇಳಿದಳು. ಇದು ಮೊದಲ ಬಸಿರು, ಜೊತೆಗೆ ತಾಯಿಗೂ ಇತ್ತು ಅಂದಿದ್ದಕ್ಕೆ 12ನೇ ವಾರದಿಂದಲೇ ದಿನಾ ಸಣ್ಣ ಡೋಸಿನ ಆಸ್ಪಿರಿನ್ ಬರೆಸಿಕೊಟ್ಟಳು. ಆ ಬಿಪಿ ಬರುವ ಸಂಭವ ಕಡಿಮೆಯಾಗಲಿ ಅಂತ. ನಿನ್ನಿಂದ ನನಗೆ ತೊಂದರೆ ಬಂತು ಅಂತ ಮಾತ್ರ ಅಂದುಕೊಳ್ಳಬೇಡ. ನಿನ್ನ ಕಥೆ ಗೊತ್ತಿದ್ದರಿಂದಲೇ ನನ್ನನ್ನು ಇಷ್ಟು ಹುಷಾರಾಗಿ ನೋಡಿಕೊಳ್ಳುತ್ತಿದ್ದಾರೆ.

ಡಾಕ್ಟರೇ ನೋಡುವುದಿಲ್ಲವಂತೆ, ಬರೀ ನರ್ಸ್ ನೋಡುತ್ತಾಳಂತೆ ಅಂತ ರಘು ಹೇಳಿದ್ದು ತಪ್ಪು. ಮಿಡ್‌ವೈಫ್ ಅಂದರೆ ಬಸಿರು, ಬಾಣಂತನಕ್ಕೆಂದೇ ವರ್ಷಗಟ್ಟಲೆ ಓದಿದವರು. ಏನಾದರೂ ಅನುಮಾನ ಬಂದರೆ ಅವರೇ ಡಾಕ್ಟರ ಹತ್ತಿರ ಕಳಿಸುತ್ತಾರೆ. ಪ್ರತಿ ಸಲವೂ ಬಿಪಿ ನೋಡಿ, ಮೂತ್ರಕ್ಕೆ ಬಣ್ಣ ಬದಲಾಗುವ ಒಂದು ಪಟ್ಟಿ ಅದ್ದಿ ಅಲ್ಲೇ ಹೇಳಿಬಿಡುತ್ತಾರೆ. ರಾತ್ರಿ ಎಷ್ಟು ಹೊತ್ತಿಗೆ ಫೋನ್ ಮಾಡಿದರೂ ಎತ್ತುತ್ತಾರೆ, ಯಾಕೆ ಮಾಡಿದಿರಿ ಅಂತ ಗದರುವುದಿಲ್ಲ. ಇನ್ನೊಂದು ಕೇಳು, ಇಲ್ಲಿ ಈಜುಕೊಳದಲ್ಲಿ ಬಸುರಿಯರಿಗೇ ಒಂದು ಕ್ಲಾಸ್ ಇದೆ! ಎಲ್ಲರೂ ಹೊಟ್ಟೆ ಹೊತ್ತುಕೊಂಡು ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಡೆಯುತ್ತೇವೆ. ಅಜ್ಜಿ ನೋಡಿದರೆ ನಗುತ್ತಾರೆ. ಆದರೆ ಸುತ್ತಲಿನ ನೀರು ಕಾಲನ್ನು ಒತ್ತಿ ಊತದ ನೀರನ್ನು ಮೇಲಕ್ಕೆ ತಳ್ಳುತ್ತದೆ, ಹೊರಗೆ ಬಂದ ಮೇಲೆ ಮೂತ್ರ ಜಾಸ್ತಿ ಹೋಗುತ್ತದೆ, ಪಾದ ಹಗುರಾಗುತ್ತದೆ. ನನಗಂತೂ ಇಷ್ಟು ಹಿತ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ನೀರು ಕಡಿಮೆ ಕುಡಿ ಅಂತ ಬರೆದಿದ್ದೀಯ. ಇದೊಂದು ಮಾತ್ರ ನಾನು ಕೇಳುವುದಿಲ್ಲ ಅಮ್ಮ. ನೀರು ಕಡಿಮೆ ಮಾಡಿದರೆ ಊತ ಇಳಿಯುವುದಿಲ್ಲ, ಮೈ ಒಣಗುತ್ತದೆ ಅಷ್ಟೇ. ಉಪ್ಪು ಪೂರ್ತಿ ಬಿಟ್ಟರೂ ಈ ಬಿಪಿ ತಪ್ಪುವುದಿಲ್ಲವಂತೆ, ಅತಿಯಾಗಿ ತಿನ್ನದಿದ್ದರೆ ಸಾಕು. ಮೂತ್ರ ಹೋಗುವ ಮಾತ್ರೆಯನ್ನಂತೂ ಯಾರೋ ಹೇಳಿದರು ಅಂತ ನುಂಗುವ ಹಾಗೇ ಇಲ್ಲ.

ಮತ್ತೇನು ಮಾಡುತ್ತಿದ್ದೇನೆ ಅಂದರೆ, ತುಂಬಾ ಹೊತ್ತು ನಿಲ್ಲುವುದಿಲ್ಲ, ಕಾಲು ಇಳಿಬಿಟ್ಟು ಕೂರುವುದೂ ಇಲ್ಲ. ಕೆಲಸದ ಮಧ್ಯೆ ಪಾದವನ್ನು ಮೇಲೆ ಕೆಳಗೆ ಆಡಿಸುತ್ತೇನೆ, ಗುಂಡಗೆ ತಿರುಗಿಸುತ್ತೇನೆ, ಇದರಿಂದ ಮೀನಖಂಡ ರಕ್ತವನ್ನು ಮೇಲಕ್ಕೆ ಹಿಂಡುತ್ತದೆ. ಬಿಗಿ ಕಾಲುಚೀಲ ಕೊಟ್ಟಿದ್ದಾರೆ. ಅದನ್ನು ಊತ ಇಳಿದಿರುವಾಗಲೇ, ಅಂದರೆ ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುಂಚೆ ಹಾಕಿಕೊಳ್ಳಬೇಕು. ಇವರು ದಿನಾ ಪಕ್ಕದಲ್ಲಿ ಕೂತು ಹಾಕಿಕೊಡುತ್ತಾರೆ, ನನಗೆ ಹೊಟ್ಟೆ ಅಡ್ಡ ಬರುತ್ತದೆ. ಮಲಗುವುದು ಎಡ ಮಗ್ಗುಲಿಗೆ, ಕಾಲ ಕೆಳಗೆ ದಿಂಬು ಇಟ್ಟುಕೊಂಡು. ಉಂಗುರ ಬೆರಳಿಗೆ ಕಚ್ಚಿಕೊಳ್ಳುವ ಮೊದಲೇ ತೆಗೆದಿಟ್ಟಿದ್ದೇನೆ, ಫೋಟೋದಲ್ಲಿ ಯಾಕಿಲ್ಲ ಅಂತ ಕೇಳಿದ್ದೆಯಲ್ಲ, ಅದಕ್ಕೆ. ರಾತ್ರಿ ಬೆರಳು ಜೋಮು ಹಿಡಿಯುತ್ತದೆ. ಮಣಿಕಟ್ಟಿನ ನರ ಊತಕ್ಕೆ ಸಿಕ್ಕಿಕೊಳ್ಳುತ್ತದಂತೆ. ಮಲಗುವಾಗ ಮಣಿಕಟ್ಟು ಮಡಚದ ಹಾಗೆ ಒಂದು ಪಟ್ಟಿ ಕಟ್ಟಿಕೊಳ್ಳುತ್ತೇನೆ, ಈಗ ಎಷ್ಟೋ ವಾಸಿ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ಇದು ತಾನಾಗಿ ಹೋಗುತ್ತದೆ.

ಯಾವಾಗ ಹೆದರಬೇಕು ಅನ್ನುವುದೂ ನಮಗೆ ಗೊತ್ತಿದೆ. ಮುಖ, ಕೈ ಇದ್ದಕ್ಕಿದ್ದ ಹಾಗೆ ಊದಿಕೊಂಡರೆ, ಬಿಡದೆ ತಲೆ ಸಿಡಿದರೆ, ಕಣ್ಣು ಮಂಜಾದರೆ ಅಥವಾ ಮಿಂಚು ಮಿಂಚು ಕಂಡರೆ, ಪಕ್ಕೆಲುಬಿನ ಕೆಳಗೆ ಜೋರು ನೋವು ಬಂದರೆ, ವಾಂತಿಯಾದರೆ, ಮಗುವಿನ ಒದೆತ ಕಡಿಮೆಯಾದರೆ ಆ ಕ್ಷಣವೇ ಫೋನ್ ಮಾಡುತ್ತೇವೆ, ಬೆಳಗಾಗಲಿ ಅಂತ ಕಾಯುವುದಿಲ್ಲ. ಮನೆಯಲ್ಲೇ ಬಿಪಿ ಮಿಷನ್ ಇದೆ. ಮೇಲಿನದು 140 ಮುಟ್ಟಿದರೂ, ಕೆಳಗಿನದು 90 ಮುಟ್ಟಿದರೂ ಹಾಗೇ. ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ಉಸಿರು ಕಟ್ಟಿದರೆ ಇನ್ನೂ ಅಪಾಯ, ಸೀದಾ ಆಸ್ಪತ್ರೆಗೆ. ಇವನ್ನೆಲ್ಲ ಇವರು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾರೆ. ಇದರಲ್ಲಿ ಒಂದೂ ನನಗಿಲ್ಲ ಅಮ್ಮ. ಒಂದೂ ಇಲ್ಲ. ಹೆರಿಗೆಯಾದ ಮೇಲೂ ಕೆಲವು ದಿನ ಊತ ಇರುತ್ತದಂತೆ, ಜಾಸ್ತಿಯೂ ಆಗಬಹುದಂತೆ, ಆಮೇಲೆ ಇಳಿಯುತ್ತದೆ. ಆಗಿನ ಫೋಟೋ ನೋಡಿ ಮತ್ತೆ ಶುರು ಮಾಡಬೇಡ. ಬಿಪಿಯನ್ನು ಹೆರಿಗೆಯ ನಂತರವೂ ನೋಡುತ್ತಲೇ ಇರುತ್ತಾರೆ.

ಈಗ ನಿನ್ನ ವಿಷಯ. ಬಿಪಿ ಮಾತ್ರೆ ಬಿಟ್ಟಿದ್ದೀಯ ಅಂತ ಅಪ್ಪ ಹೇಳಿದರು. ಬಸಿರಿನಲ್ಲಿ ಹಾಗೆ ಬಿಪಿ ಏರಿದವರಿಗೆ ಮುಂದೆಯೂ ಬಿಪಿ, ಹೃದಯದ ತೊಂದರೆ ಬರುವ ಸಂಭವ ಜಾಸ್ತಿ. ನನ್ನ ಕಾಲು ನೋಡಿಕೊಳ್ಳಲು ಇಲ್ಲಿ ಇಷ್ಟು ಜನ ಇದ್ದಾರೆ, ನೀನು ಅಲ್ಲಿ ಮಾತ್ರೆ ನುಂಗದೆ ನನಗಾಗಿ ನಿದ್ದೆಗೆಡುವುದು ಸರಿಯಾ? ನಾಳೆಯೇ ಹೋಗಿ ಬಿಪಿ ತೋರಿಸು, ಎಷ್ಟಿದೆ ಅಂತ ಬರೆಸಿಕೊಂಡು ರಘು ಕೈಲಿ ಫೋಟೋ ಕಳಿಸು. ನೀನು ಕಳಿಸುವ ತನಕ ನಾನೂ ಪಾದದ ಫೋಟೋ ಕಳಿಸುವುದಿಲ್ಲ.

ಕ್ಲಾಸಿಗೆ ಹೊತ್ತಾಯಿತು, ಇವರು ಕರೆಯುತ್ತಿದ್ದಾರೆ. ಅಪ್ಪನಿಗೂ ಅಜ್ಜಿಗೂ ನಮಸ್ಕಾರ. ಮಾತ್ರೆ ಮರೆಯಬೇಡ.

ನಿನ್ನ,
ಪುಟ್ಟಿ