ಕಾಳಜಿ ಕೇಂದ್ರದಲ್ಲಿರುವ ತಂಗಿಗೆ

ಶಿರಸಿ
ಆಗಸ್ಟ್ 10, 2021

ಪ್ರೀತಿಯ ತಂಗಿಗೆ,

ದೊಡ್ಡಾಯಿಯ ಆಶೀರ್ವಾದಗಳು. ನೀನು ಅಂಕೋಲೆ ಕಡೆ, ನೆರೆಗೆ ಮನೆ ಬಿಟ್ಟು ಬಂದವರ ಕಾಳಜಿ ಕೇಂದ್ರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗಿದ್ದೀಯ ಅಂತ ನಿನ್ನ ಆಯಿ ಫೋನಿನಲ್ಲಿ ಹೇಳಿದಳು. ಅವಳಿಗೆ ಹೆದರಿಕೆ, ನನಗೆ ಹೆಮ್ಮೆ. ಲಸಿಕೆ ಒಂದು ಡೋಸ್ ಆಗಿದೆಯಂತೆ. ಎರಡನೆಯದರ ದಿನ ಎಷ್ಟೇ ಕೆಲಸ ಇದ್ದರೂ ತಪ್ಪಿಸಬೇಡ.

ಈ ಸಲದ ಕಷ್ಟ ಎರಡು ಕಡೆಯಿಂದ ಬಂದಿದೆ. ಜುಲೈ ಕೊನೆಯ ಆ ಮಳೆಗೆ ಗಂಗಾವಳಿ ಉಕ್ಕಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಕಳಚೆಯಲ್ಲಿ ಗುಡ್ಡವೇ ಜಾರಿತು. ಅದರ ಜೊತೆಗೆ ಕೊರೋನಾ. ನೆರೆ ಬಂದರೆ ಜನ ಒಂದೇ ಸೂರಿನ ಕೆಳಗೆ ಸೇರಬೇಕು. ಕೊರೋನಾ ಇದ್ದರೆ ದೂರ ದೂರ ಇರಬೇಕು. ದೊಡ್ಡವರಿಗೇ ಇದು ತಲೆಗೆ ಹತ್ತುವುದಿಲ್ಲ, ಇನ್ನು ಮಕ್ಕಳಿಗೆ ಹೇಗೆ ಹತ್ತೀತು?

2019ರ ಆಗಸ್ಟಿನಲ್ಲೂ ಗಂಗಾವಳಿ, ಕಾಳಿ, ಅಘನಾಶಿನಿ ಎಲ್ಲವೂ ಉಕ್ಕಿದ್ದವು. ಆಗ ನೀರು ಇಳಿದ ಮೇಲೆ ಶಾಲೆ ಶುರುವಾಯಿತು. ಬೆಳಿಗ್ಗೆ ಹಾಜರಿ ಕರೆಯುವಾಗಲೇ ನಮಗೆ ಅರ್ಧ ಊರಿನ ಸುದ್ದಿ ಗೊತ್ತಾಗಿಬಿಡುತ್ತಿತ್ತು. ಯಾರ ಮನೆಯಲ್ಲಿ ಒಲೆ ಹಚ್ಚಿಲ್ಲ, ಯಾರ ಕೈ ಮೇಲೆ ಬಾಸುಂಡೆ ಎದ್ದಿದೆ, ಯಾವ ಹುಡುಗಿ ನಾಲ್ಕು ದಿನದಿಂದ ಬಂದಿಲ್ಲ, ಎಲ್ಲವೂ. ಇಷ್ಟು ವರ್ಷ ಶಾಲೆಯಲ್ಲಿ ಮಾಡಿದ ಕೆಲಸದಲ್ಲಿ ಪಾಠಕ್ಕಿಂತ ಇದೇ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಈಗ ನೋಡು, 2020ರ ಮಾರ್ಚಿನಿಂದ ಶಾಲೆ ನೆಟ್ಟಗೆ ನಡೆದಿಲ್ಲ. ಮಾಸ್ತರರೇ ಮಕ್ಕಳ ಊರಿಗೆ ಹೋಗಿ ಪಾಠ ಹೇಳುವ ವಿದ್ಯಾಗಮ ಅಂತ ಆ ವರ್ಷ ಆಗಸ್ಟಿನಲ್ಲಿ ಶುರು ಮಾಡಿದರು, ಅಕ್ಟೋಬರಿನಲ್ಲಿ ನಿಲ್ಲಿಸಿದರು. ಚಿಕ್ಕ ಮಕ್ಕಳಂತೂ ಶಾಲೆಯ ಮೆಟ್ಟಿಲೇ ಹತ್ತಿಲ್ಲ. ಅಂಗನವಾಡಿಯಿಂದ ರೇಷನ್ ಮನೆಗೆ ಹೋಗುತ್ತದೆ, ಮಗು ಅಂಗನವಾಡಿಗೆ ಬರುವುದಿಲ್ಲ. ಮನೆಯ ಹೊರಗಿನವರೊಬ್ಬರು ಮಗುವಿನ ಮುಖವನ್ನು ದಿನಾ ನೋಡುತ್ತಿದ್ದರಲ್ಲ, ಅದು ನಿಂತುಹೋಗಿದೆ. ನಿನ್ನ ಮೊದಲ ಕೆಲಸ ಅದನ್ನು ಮತ್ತೆ ಶುರು ಮಾಡುವುದು.

ಒಂದು ದಪ್ಪ ನೋಟ್‌ಬುಕ್ ತಗೋ. ಪ್ರತಿ ಮಗುವಿಗೂ ಒಂದು ಪುಟ. ಶಾಲೆಯಲ್ಲಿ ಬರೆಸಿದ ಹೆಸರು, ಮನೆಯಲ್ಲಿ ಕರೆಯುವ ಹೆಸರು, ವಯಸ್ಸು, ತಂದೆ ತಾಯಿಯ ಹೆಸರು, ಊರು, ಮಜರೆ, ಇಲ್ಲಿಗೆ ಯಾರ ಜೊತೆ ಬಂದದ್ದು, ಕೇಂದ್ರದ ಹೊರಗಿರುವ ಇಬ್ಬರು ನೆಂಟರ ಫೋನ್ ನಂಬರ್. ಒಬ್ಬರದ್ದು ಸಾಲದು, ಮಳೆಯಲ್ಲಿ ಟವರ್ ಹೋದರೆ ಒಬ್ಬರೂ ಸಿಗುವುದಿಲ್ಲ. ಮನೆಯಲ್ಲಿ ಕರೆಯುವ ಹೆಸರು ಬೇಕೇ ಬೇಕು. ನಾಲ್ಕು ವರ್ಷದ ಮಗು ಹೆದರಿ ಮೂಲೆ ಹಿಡಿದು ಕೂತಾಗ ಆಧಾರ್ ಕಾರ್ಡಿನ ಹೆಸರಿಗೆ ಓಗೊಡುವುದಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಹಾಜರಿ ಹಾಕು. ಹೆಸರು ಕರೆ, ಮುಖ ನೋಡು, ಆಮೇಲೆ ಟಿಕ್ ಹಾಕು. "ಇದ್ದಾನೆ, ಹೊರಗೆ ಆಡ್ತಾ ಇದ್ದಾನೆ" ಅಂತ ಬೇರೆಯವರು ಹೇಳಿದರೆ ಎದ್ದು ಹೊರಗೆ ಹೋಗಿ ನೋಡಿ ಬಾ. ಆ ಪುಸ್ತಕ ಕಂಡಕಂಡವರ ಕೈಗೆ ಸಿಗಬಾರದು, ನಿನ್ನ ಚೀಲದಲ್ಲೇ ಇರಲಿ.

ಇನ್ನೊಂದು ವಿಷಯವನ್ನು ಇವತ್ತೇ ಮಾಡು, ನಾಳೆಗೆ ಇಡಬೇಡ. ಕೇಂದ್ರದಲ್ಲಿ ಒಬ್ಬ ತಾಯಿಗೆ ಪಾಸಿಟಿವ್ ಬಂತು ಅಂತ ಇಟ್ಟುಕೋ. ಆಂಬುಲೆನ್ಸ್ ಬರುತ್ತದೆ, ಕಾರವಾರಕ್ಕೆ ಕರೆದುಕೊಂಡು ಹೋಗುತ್ತಾರೆ. ಆ ಗಡಿಬಿಡಿಯಲ್ಲಿ ಮಗುವನ್ನು "ಸ್ವಲ್ಪ ನೋಡ್ಕೊಳಿ" ಅಂತ ಹತ್ತಿರ ನಿಂತವರ ಕೈಗೆ ಕೊಟ್ಟುಬಿಡುತ್ತಾರೆ. ಮಕ್ಕಳು ಕೈತಪ್ಪುವುದು ಇಂಥ ಹೊತ್ತಿನಲ್ಲೇ. ಅದಕ್ಕೇ ಎಲ್ಲರೂ ಆರಾಮಾಗಿ ಇರುವಾಗಲೇ ಪ್ರತಿ ತಾಯಿಯನ್ನೂ ಕೇಳಿ ಬರೆದಿಟ್ಟುಕೋ: "ನೀವು ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಮಗು ಯಾರ ಹತ್ತಿರ ಇರಬೇಕು?" ಮಗುವನ್ನೂ ಕೇಳು. ತಾಯಿ ಹೇಳಿದವರ ಹೆಸರು ಕೇಳಿ ಮಗು ಮುಖ ತಿರುಗಿಸಿದರೆ ಅದನ್ನು ಸುಮ್ನೆ ಬಿಡಬೇಡ. ಇನ್ನೊಂದು ಹೆಸರು ಕೇಳು.

ತಾಯಿ ಹೊರಡುವಾಗ ಮಗುವಿಗೆ ಸುಳ್ಳು ಹೇಳಿಸಬೇಡ. "ಪೇಟೆಗೆ ಹೋಗಿ ಬಿಸ್ಕೆಟ್ ತರ್ತೇನೆ" ಅಂದು ಹೋದ ತಾಯಿ ಹತ್ತು ದಿನ ಬಾರದೇ ಇದ್ದರೆ, ಆ ಮಗು ಮುಂದೆ ಯಾರನ್ನೂ ನಂಬುವುದಿಲ್ಲ. ತಾಯಿಯೇ ದೂರ ನಿಂತು ಹೇಳಲಿ. ಜ್ವರ ಬಂದಿದೆ, ಆಸ್ಪತ್ರೆಗೆ ಹೋಗ್ತಾ ಇದ್ದೇನೆ, ಅತ್ತೆ ಹತ್ತಿರ ಇರು, ದಿನಾ ಸಂಜೆ ಫೋನ್ ಮಾಡ್ತೇನೆ. ಆ ಸಂಜೆಯ ವಿಡಿಯೋ ಕಾಲ್ ನಿನ್ನ ಜವಾಬ್ದಾರಿ. ಕೂಸಿಗೆ ಎದೆಹಾಲು ನಡೆದಿದ್ದರೆ ತಾಯಿ ಮಗುವನ್ನು ಬೇರೆ ಮಾಡಬೇಕಾಗಿಲ್ಲ. ಮಾಸ್ಕ್ ಹಾಕಿ, ಕೈ ತೊಳೆದುಕೊಂಡು ಹಾಲು ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಹಾಲಿನ ಮಾತು ಬಂತಲ್ಲ, ದಾನಿಗಳು ಹಾಲುಪುಡಿ ಡಬ್ಬಿ ತಂದು ಸುರಿಯುತ್ತಾರೆ. ಅವರ ಮನಸ್ಸು ಒಳ್ಳೆಯದೇ. ಆದರೆ ನೆರೆಯ ಊರಿನಲ್ಲಿ ಬಾವಿಯ ನೀರೇ ಕೆಟ್ಟಿರುತ್ತದೆ, ಬಾಟಲಿ ಕುದಿಸಲು ಒಣ ಸೌದೆ ಇರುವುದಿಲ್ಲ. ಆ ಹಾಲು ಕುಡಿದ ಕೂಸಿಗೆ ಮೊದಲು ಭೇದಿ ಹತ್ತುತ್ತದೆ. ತಾಯಿಯ ಹಾಲೂ ಇಂಗುತ್ತಾ ಹೋಗುತ್ತದೆ. ಎದೆಹಾಲಿನ ಬದಲಿಗೆ ಕೊಡುವ ಹಾಲುಪುಡಿ, ಬಾಟಲಿಗಳ ಮೇಲಿನ 1992ರ ಕಾಯ್ದೆಯ ಪ್ರಕಾರ ಅನಾಥಾಲಯ ಬಿಟ್ಟು ಬೇರೆಯವರಿಗೆ ಅದನ್ನು ದಾನ ಕೊಡುವಂತೆಯೇ ಇಲ್ಲ. ಬಂದವರಿಗೆ ನಯವಾಗಿ ಹೇಳು: ಆ ದುಡ್ಡಿನಲ್ಲಿ ತಾಯಂದಿರಿಗೆ ಊಟ ಕೊಡಿ, ಮೊಟ್ಟೆ ಕೊಡಿ. ತಾಯಿಯೇ ಇಲ್ಲದ ಕೂಸು ಇದ್ದರೆ ಡಾಕ್ಟರನ್ನು ಕೇಳಿ ಅದಕ್ಕೊಂದಕ್ಕೆ ವ್ಯವಸ್ಥೆ ಮಾಡು.

ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳ ವಿಷಯದಲ್ಲಿ ತುಂಬಾ ಹುಷಾರಾಗಿರು. ಎರಡನೇ ಅಲೆಯ ಹೊತ್ತಿಗೆ ವಾಟ್ಸಾಪ್ ತುಂಬ ಒಂದೇ ಸುದ್ದಿ ಓಡಾಡಿತು, ನೆನಪಿದೆಯಲ್ಲ? ಕೊರೋನಾದಲ್ಲಿ ಅಪ್ಪ ಅಮ್ಮ ಹೋಗಿದ್ದಾರೆ, ಎರಡು ಪುಟ್ಟ ಮಕ್ಕಳಿವೆ, ಬೇಕಾದವರು ಈ ನಂಬರಿಗೆ ಫೋನ್ ಮಾಡಿ ಅಂತ. ನಮ್ಮ ನೆಂಟರಲ್ಲೇ ಕೆಲವರು ಕಣ್ಣೀರು ಹಾಕಿ ಮುಂದೆ ಕಳಿಸಿದರು. ಹಾಗೆ ಮಕ್ಕಳನ್ನು ಕೊಡುವುದು, ತಗೊಳ್ಳುವುದು ಎರಡೂ ಅಪರಾಧ. ಮಗುವನ್ನು ಮಾರಿದರೆ, ಕೊಂಡರೆ ಐದು ವರ್ಷದವರೆಗೆ ಜೈಲು. ದಿಕ್ಕಿಲ್ಲದ ಮಗು ಕಣ್ಣಿಗೆ ಬಿದ್ದರೆ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ, ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಬೇಕು. ಇದು 2015ರ ಬಾಲನ್ಯಾಯ ಕಾಯ್ದೆಯಲ್ಲೇ ಇದೆ. 2004ರ ಸುನಾಮಿ ಆದಾಗ ಇಂಡೋನೇಷ್ಯಾ ಸರ್ಕಾರ ಅಚೆ ಪ್ರಾಂತದಿಂದ 16 ವರ್ಷದೊಳಗಿನ ಮಕ್ಕಳನ್ನು ಹೊರಗೆ ಒಯ್ಯುವುದನ್ನೇ ನಿಲ್ಲಿಸಿತು. ಗಲಾಟೆಯ ಹೊತ್ತಿನಲ್ಲಿ ಮಕ್ಕಳನ್ನು ಸಾಗಿಸುವವರೂ ಸಹಾಯದ ಬೋರ್ಡ್ ಹಾಕಿಕೊಂಡೇ ಬಂದಾರು ಅಂತ ಆ ಹೆದರಿಕೆ.

"ಒಳ್ಳೆಯ ಹಾಸ್ಟೆಲ್ ಇದೆ, ಓದಿಸ್ತೇವೆ" ಅಂತ ಕಾರು ತಗೊಂಡು ಬರುವವರು ನಿನ್ನ ಕೇಂದ್ರಕ್ಕೂ ಬರಬಹುದು. ಎಷ್ಟೇ ದೊಡ್ಡ ಮನುಷ್ಯರಾಗಿರಲಿ, ಸಮಿತಿಯ ಆದೇಶ ಇಲ್ಲದೆ ಮಗುವನ್ನು ಗೇಟು ದಾಟಿಸಬೇಡ. ಅಜ್ಜ ಅಜ್ಜಿ, ಸೋದರಮಾವ, ಚಿಕ್ಕಮ್ಮ ಯಾರಾದರೂ ಇದ್ದೇ ಇರುತ್ತಾರೆ. ಮೊದಲು ಅವರನ್ನು ಹುಡುಕು. ಬಡತನ ಅಂತ ಮಗುವನ್ನು ಅಜ್ಜಿಯಿಂದ ಬಿಡಿಸಬಾರದು, ಅಜ್ಜಿಗೇ ಆಸರೆ ಕೊಡಿಸಬೇಕು. ಕೋವಿಡ್‌ನಿಂದ ಅನಾಥರಾದ ಮಕ್ಕಳಿಗೆ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಇದೆ. ಪಿಎಂ ಕೇರ್ಸ್ ಯೋಜನೆಯಲ್ಲಿ 23 ವರ್ಷ ತುಂಬಿದಾಗ 10 ಲಕ್ಷ ರೂಪಾಯಿ ಸಿಗುತ್ತದೆ. ಇದಕ್ಕೆಲ್ಲ ಮರಣ ಪ್ರಮಾಣಪತ್ರ, ಆಸ್ಪತ್ರೆಯ ಕಾಗದ ಬೇಕು, ಅವು ಹೊಳೆಗೆ ಹೋಗಿರುತ್ತವೆ. ನಕಲು ಪ್ರತಿಗೆ ಅರ್ಜಿ ಬರೆದುಕೊಡುವುದು, ಅಜ್ಜಿಯ ಜೊತೆ ಹೋಗಿ ಕಚೇರಿಯ ಬಾಗಿಲಲ್ಲಿ ನಿಲ್ಲುವುದು, ಇದೂ ಮಕ್ಕಳ ರಕ್ಷಣೆಯೇ. ಇದರಲ್ಲಿ ಬೇಸರ ಪಟ್ಟುಕೊಳ್ಳಬೇಡ ತಂಗಿ.

ಇವತ್ತು ರಾತ್ರಿ ಟಾರ್ಚ್ ಹಿಡಿದು ಹೆಣ್ಣುಮಕ್ಕಳ ಶೌಚಾಲಯದವರೆಗೆ ಒಬ್ಬಳೇ ನಡೆದು ನೋಡು. ದಾರಿಯಲ್ಲಿ ಬಲ್ಬು ಇದೆಯಾ? ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತದಾ? ಶಾಲೆಯ ಶೌಚಾಲಯಗಳಲ್ಲಿ ಚಿಲಕ ತುಕ್ಕು ಹಿಡಿದು ಕಿತ್ತುಬಂದಿರುವುದೇ ಜಾಸ್ತಿ. ಪೇಟೆಯಿಂದ ಚಿಲಕ ತರಿಸಿ ನಾಳೆಯೇ ಹಾಕಿಸು, ಯಾರ ಅನುಮತಿಗೂ ಕಾಯಬೇಡ. ಕತ್ತಲಾದರೆ ಹೆದರಿ ಹೋಗದೆ ತಡೆದುಕೊಳ್ಳುವ ಹುಡುಗಿಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಹೆಂಗಸರು ಮಕ್ಕಳು ಮಲಗುವ ಕೋಣೆ ಬೇರೆಯೇ ಇರಲಿ. ಯಾರೋ ಒಬ್ಬ ಮಗುವಿಗೆ ತೊಂದರೆ ಕೊಟ್ಟಿದ್ದಾನೆ ಅಂತ ಗೊತ್ತಾದರೆ, "ಊರಿನ ಮರ್ಯಾದೆ, ಇಲ್ಲೇ ಮುಗಿಸೋಣ" ಅನ್ನುವವರ ಮಾತಿಗೆ ಬೀಳಬೇಡ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆಯ ಪ್ರಕಾರ ಗೊತ್ತಿದ್ದೂ ತಿಳಿಸದಿದ್ದರೆ ಅದೂ ತಪ್ಪು. ಮಗುವನ್ನು ಪದೇ ಪದೇ ಕೆದಕಬೇಡ. ಅದು ಹೇಳಿದಷ್ಟು ಕೇಳು, ನಂಬು, ಫೋನ್ ಮಾಡು.

ಮಕ್ಕಳ ಹತ್ತಿರ ಮಾತಾಡುವಾಗ ನೆಲದ ಮೇಲೆ ಕೂತುಕೋ. ಮಾಸ್ಕ್ ಹಾಕಿದ ನಿನ್ನ ಮುಖದಲ್ಲಿ ಅವಕ್ಕೆ ಕಣ್ಣು ಮಾತ್ರ ಕಾಣುತ್ತದೆ. ನಗುವ ಮುಖದ ಒಂದು ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಎದೆಗೆ ಪಿನ್ ಮಾಡಿಕೋ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಮಾಸ್ಕ್ ಬೇಡ ಅಂತ ಕೇಂದ್ರ ಆರೋಗ್ಯ ಇಲಾಖೆಯವರೇ ಜೂನ್‌ನಲ್ಲಿ ಹೇಳಿದ್ದಾರೆ, ಅದಕ್ಕಾಗಿ ಯಾರಾದರೂ ಗದರಿಸಿದರೆ ತಡೆ. ಕೊಂಕಣಿಯ ಮನೆಯ ಮಕ್ಕಳಿಗೆ ಕೊಂಕಣಿಯಲ್ಲೇ ಮಾತಾಡುವ ಹೆಂಗಸರೊಬ್ಬರನ್ನು ಜೊತೆಗಿಟ್ಟುಕೋ. ಮಳೆ ಜೋರಾದಾಗ ಕಿರುಚುವುದು, ದೊಡ್ಡ ಮಗುವೂ ಹಾಸಿಗೆ ಒದ್ದೆ ಮಾಡುವುದು, ತಾಯಿಯ ಸೆರಗು ಬಿಡದಿರುವುದು, ಇದೆಲ್ಲ ಹೆದರಿದ ಮಕ್ಕಳು ಮಾಡುವುದೇ. ಬೈಯಬಾರದು ಅಂತ ತಾಯಂದಿರಿಗೆ ಹೇಳು. ದಿನಾ ಒಂದೇ ಹೊತ್ತಿಗೆ ಆಟ, ಒಂದೇ ಹೊತ್ತಿಗೆ ಕಥೆ ಇಡು. ಚಿಕ್ಕ ಚಿಕ್ಕ ಗುಂಪು ಮಾಡಿ ಜಗಲಿಯ ಗಾಳಿಯಲ್ಲಿ ಕೂರಿಸು. ಮನೆ ಹೋಯಿತು, ಶಾಲೆ ಇಲ್ಲ. ನಾಳೆ ನಾಲ್ಕು ಗಂಟೆಗೆ ಕಥೆ ಇದೆ ಅನ್ನುವುದಾದರೂ ಅವಕ್ಕೆ ಗಟ್ಟಿಯಾಗಿ ಗೊತ್ತಿರಲಿ.

ರೋಗದ ವಿಷಯ ನಿಮ್ಮ ಆಶಾ ಕಾರ್ಯಕರ್ತೆಗೆ ನನಗಿಂತ ಚೆನ್ನಾಗಿ ಗೊತ್ತು. ನೆರೆಯ ನಂತರ ಚಿಕ್ಕ ಮಕ್ಕಳಿಗೆ ಕೊರೋನಾಕ್ಕಿಂತ ಭೇದಿ, ಡೆಂಗಿ, ಇಲಿಜ್ವರದ ಭಯ ಜಾಸ್ತಿ. ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ಕೈಯಳತೆಯಲ್ಲಿ ಇರಲಿ. ತಾಯಿ ಕಾರ್ಡ್ ನೀರಿನಲ್ಲಿ ಹೋಗಿದ್ದರೆ ಚುಚ್ಚುಮದ್ದಿನ ಲೆಕ್ಕವನ್ನು ಊರಿನ ನರ್ಸಮ್ಮನ (ಎಎನ್ಎಂ) ಪುಸ್ತಕದಿಂದ ತೆಗೆಸು. 2020ರಲ್ಲಿ ಪ್ರಪಂಚದಲ್ಲಿ 2.3 ಕೋಟಿ ಮಕ್ಕಳಿಗೆ ಸಾಮಾನ್ಯ ಲಸಿಕೆಗಳೇ ಪೂರ್ತಿ ಆಗಿಲ್ಲ.

ಸಹಾಯ ಕೊಡಲು ಬಂದವರು ಅಕ್ಕಿ ಚೀಲದ ಪಕ್ಕ ಮಗುವನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಬೇಡ ಅನ್ನು. ಅಳುವ ಮುಖ ಊರೂರು ಸುತ್ತುತ್ತದೆ, ಆ ಮಗು ನಾಳೆ ಅದೇ ಊರಿನಲ್ಲಿ ತಲೆಯೆತ್ತಿ ಓಡಾಡಬೇಕಲ್ವಾ?

ಹದಿಮೂರು ಹದಿನಾಲ್ಕು ದಾಟಿದವರ ಕಡೆಗೆ ಹೆಚ್ಚು ಗಮನ ಇರಲಿ. ಅವರು ಅಳುವುದಿಲ್ಲ, ಕೆಲಸಕ್ಕೆ ಕೈ ಹಾಕುತ್ತಾರೆ, ಅದಕ್ಕೇ ಯಾರೂ ಅವರನ್ನು ಕೇಳುವುದಿಲ್ಲ. ಮೀನುಗಾರಿಕೆಯ ನಿಷೇಧ ಜುಲೈ 31ಕ್ಕೆ ಮುಗಿದಿದೆ, ಬೋಟುಗಳು ಕಡಲಿಗೆ ಇಳಿದಿವೆ. ಮನೆ ಬಿದ್ದಿದೆ, ಸಾಲ ಇದೆ, ಶಾಲೆ ಇಲ್ಲ ಅಂದರೆ ಹುಡುಗ ಬೋಟು ಹತ್ತುತ್ತಾನೆ. ಹುಡುಗಿಗೆ ಗಂಡು ನೋಡುತ್ತಾರೆ. ಜನ ಸೇರಿಸಬೇಕಿಲ್ಲ, ಊಟ ಹಾಕಬೇಕಿಲ್ಲ, ಕಡಿಮೆ ಖರ್ಚಿನಲ್ಲಿ ಮುಗಿಯುತ್ತದೆ ಅಂತ ಲೆಕ್ಕ. ಈ ಮಹಾಮಾರಿಯಿಂದ 2030ರೊಳಗೆ ಇನ್ನೂ ಒಂದು ಕೋಟಿ ಹುಡುಗಿಯರಿಗೆ ಬಾಲ್ಯವಿವಾಹದ ಅಪಾಯ ಇದೆ ಅಂತ ಯುನಿಸೆಫ್ ಈ ಮಾರ್ಚಿನಲ್ಲಿ ಹೇಳಿತು.

ಇದು ಬೇರೆ ಕಡೆ ಆಗಿಹೋಗಿದೆ ಕೂಡ. 2014ರಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ ಎಬೋಲಾ ಬಂದು ಶಾಲೆಗಳು ಸುಮಾರು ಒಂಬತ್ತು ತಿಂಗಳು ಮುಚ್ಚಿದ್ದವು. ಆ ಸಮಯದಲ್ಲಿ ಶಾಲೆಯ ಹುಡುಗಿಯರು ಬಸುರಾಗುವುದು ಹೆಚ್ಚಿತು. ಶಾಲೆ ತೆರೆದಾಗ ಸರ್ಕಾರ ಬಸುರಿ ಹುಡುಗಿಯರನ್ನು ಒಳಗೇ ಬಿಡಲಿಲ್ಲ. ಆ ನಿಷೇಧ ತೆಗೆದದ್ದು 2020ರ ಮಾರ್ಚಿನಲ್ಲಿ. ಮುಚ್ಚಿದ ಶಾಲೆ ಹುಡುಗಿಯರಿಗೆ ಕೊಟ್ಟ ಪೆಟ್ಟು ಅದು, ತೆರೆದ ಶಾಲೆ ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿತು.

ಮದುವೆಯ ಸುದ್ದಿ ಕಿವಿಗೆ ಬಿದ್ದರೆ ತಂದೆ ತಾಯಿಯ ಮೇಲೆ ಹರಿಹಾಯಬೇಡ. ಅವರಿಗೂ ದಿಕ್ಕು ತೋಚಿರುವುದಿಲ್ಲ. ಮೊದಲು ಕೂತು ಮಾತಾಡು. ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಆದರೂ ಅದು ಮದುವೆಯೇ ಅಲ್ಲ, ಊರ್ಜಿತವಾಗುವುದಿಲ್ಲ ಅಂತ ತಿಳಿಸಿ ಹೇಳು. ಒಪ್ಪದಿದ್ದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೂ (ಸಿಡಿಪಿಓ) 1098ಕ್ಕೂ ಫೋನ್ ಮಾಡು, ತಡಮಾಡಬೇಡ.

ನಿನಗೆ ನಿದ್ದೆ ಕಡಿಮೆಯಾದರೆ ಮಕ್ಕಳ ಮೇಲೆ ರೇಗುತ್ತೀಯ. ಹಾಗಾಗಿ ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿ ಪಾಳಿ ಹಂಚಿಕೊಳ್ಳಿ.

ಆಗಸ್ಟ್ 23ರಿಂದ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಪಾಠ ಶುರು ಅಂತ ಸರ್ಕಾರ ಹೇಳಿದೆ. ಅಷ್ಟರೊಳಗೆ ಕಾಳಜಿ ಕೇಂದ್ರ ಮುಚ್ಚಿ ಎಲ್ಲರನ್ನೂ ಕಳಿಸಿಬಿಡುತ್ತಾರೆ. ಕಳಿಸುವ ಮುಂಚೆ ಯಾವ ಮಗು ಯಾವ ಮನೆಗೆ, ಯಾರ ಜೊತೆ ಹೋಯಿತು ಅಂತ ಬರೆದುಕೋ. ಚಿಕ್ಕವರ ವಿವರ ಅವರವರ ಊರಿನ ಅಂಗನವಾಡಿ ಟೀಚರಿಗೆ ಕೊಡು, ದೊಡ್ಡವರದ್ದು ಹೈಸ್ಕೂಲಿನ ಹೆಡ್‌ಮಾಸ್ಟರಿಗೆ. 23ನೇ ತಾರೀಕು ಸಂಜೆ ಅವರಿಗೆ ಫೋನ್ ಮಾಡಿ ಯಾರ್ಯಾರು ಬಂದಿಲ್ಲ ಅಂತ ಕೇಳು. ಬಾರದವರ ಮನೆಗೆ 24ಕ್ಕೆ ಹೋಗು, ಹುಡುಗಿಯರ ಮನೆಗೆ ಮೊದಲು.

ನಿನ್ನ
ದೊಡ್ಡಾಯಿ