ಎಂಬತ್ತು ದಾಟಿದೋರ ಕೊಲೆಸ್ಟ್ರಾಲ್ ನೋಡಿ ಆಯಸ್ಸು ಹೇಳ್ಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ವಯಸ್ಸಾದೋರಿಗೆ ಕೊಲೆಸ್ಟ್ರಾಲ್ ಜಾಸ್ತಿ ಇದ್ರೇನೇ ಆಯಸ್ಸು ಗಟ್ಟಿ, ಡಾಕ್ಟ್ರುಗಳು ಮಾತ್ರೆ ಕಂಪನಿಯವ್ರ ಜೊತೆ ಸೇರ್ಕೊಂಡು ಸುಮ್ನೆ ಹೆದರಿಸ್ತಾರೆ ಅನ್ನೋ ಮೆಸೇಜು ವಾಟ್ಸಾಪಲ್ಲಿ ಮತ್ತೆ ಮತ್ತೆ ಬರ್ತಾನೇ ಇದೆ. ನಾನು ತಿಪಟೂರಲ್ಲಿ ಮೆಡಿಕಲ್ ಶಾಪ್ ಇಟ್ಕೊಂಡಿರೋನು. ಆ ಮೆಸೇಜ್ ಓಡಾಡೋಕೆ ಶುರುವಾದ್ರೆ ನನಗೆ ಕೌಂಟರಲ್ಲೇ ಗೊತ್ತಾಗುತ್ತೆ, ಚೀಟಿ ಮುಂದಿಟ್ಟು "ಆ ಕೊಬ್ಬಿನ ಮಾತ್ರೆ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕೊಡಿ" ಅನ್ನೋರು ಬರ್ತಾರೆ, ಅವ್ರಲ್ಲಿ ಸ್ಟೆಂಟ್ ಹಾಕಿಸ್ಕೊಂಡಿರೋರೂ ಇರ್ತಾರೆ. ಅದೇ ಕೌಂಟರಿಗೆ ಇದಕ್ಕೆ ಪೂರ್ತಿ ಉಲ್ಟಾ ಜನಾನೂ ಬರ್ತಾರೆ. ಎಂಬತ್ತೈದರ ತಾಯಿಗೆ ಫುಲ್ ಬಾಡಿ ಚೆಕಪ್ ಮಾಡಿಸಿ, ಟೋಟಲ್ ಕೊಲೆಸ್ಟ್ರಾಲ್ ಇನ್ನೂರು ದಾಟಿದೆ ಅಂತ ದಪ್ಪಕ್ಷರದಲ್ಲಿ ಬಂದಿದ್ದು ನೋಡಿ ಗಾಬರಿ ಬಿದ್ದು, ಇವತ್ತೇ ಮಾತ್ರೆ ಶುರು ಮಾಡ್ಬೇಕಾ ಅಂತ ರಿಪೋರ್ಟ್ ಹಿಡ್ಕೊಂಡು ಬರೋ ಮಕ್ಕಳು. ಇಬ್ಬರೂ ಒಂದೇ ನಂಬರ್ ನೋಡಿ ಆಯಸ್ಸು ಲೆಕ್ಕ ಹಾಕ್ತಿದಾರೆ, ಆದ್ರೆ ಅಷ್ಟು ವಯಸ್ಸಲ್ಲಿ ಆ ನಂಬರಿಗೆ ಆ ಯೋಗ್ಯತೆ ಇಲ್ಲ ಅನ್ನೋದನ್ನ ಸ್ವಲ್ಪ ವಿವರವಾಗಿ ಬರೀಬೇಕು ಅನ್ನಿಸ್ತು.

ಮೊದಲು ಒಂದು ಒಪ್ಕೋಬೇಕು, ಆ ಮೆಸೇಜಲ್ಲಿ ಇರೋದು ಪೂರ್ತಿ ಕಟ್ಟುಕಥೆ ಅಲ್ಲ. ನೆದರ್‌ಲ್ಯಾಂಡ್ಸಿನ ಲೈಡನ್ ಊರಲ್ಲಿ 85 ದಾಟಿದ 724 ಜನರ ಕೊಲೆಸ್ಟ್ರಾಲ್ ನೋಡಿ ಹತ್ತು ವರ್ಷ ಅವರನ್ನ ಗಮನಿಸಿದ್ರು, 1997ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಟೋಟಲ್ ಕೊಲೆಸ್ಟ್ರಾಲ್ ಹೆಚ್ಚಿದ್ದೋರು ಹೆಚ್ಚು ವರ್ಷ ಬದುಕಿದ್ರು, ನಮ್ಮ ಲ್ಯಾಬಿನ ಲೆಕ್ಕದಲ್ಲಿ ಪ್ರತಿ 39 ಪಾಯಿಂಟ್ ಏರಿಕೆಗೆ ಸಾವಿನ ಪ್ರಮಾಣ ಸುಮಾರು ನೂರಕ್ಕೆ 15ರಷ್ಟು ಕಮ್ಮಿ. ಹಾರ್ಟಿಂದ ಸತ್ತೋರಲ್ಲಿ ಅಂಥ ವ್ಯತ್ಯಾಸ ಇರ್ಲಿಲ್ಲ, ಕ್ಯಾನ್ಸರು ಮತ್ತೆ ಸೋಂಕಿಂದ ಸತ್ತೋರು ಮಾತ್ರ ಕೊಲೆಸ್ಟ್ರಾಲ್ ಹೆಚ್ಚಿದ್ದೋರಲ್ಲಿ ಕಮ್ಮಿ ಇದ್ರು. 2016ರಲ್ಲಿ ಬಿಎಂಜೆ ಓಪನ್ ಅನ್ನೋ ಇನ್ನೊಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದ್ದು ಇನ್ನೂ ದೊಡ್ಡದು, 19 ಅಧ್ಯಯನ ಒಟ್ಟುಗೂಡಿಸಿ 60 ದಾಟಿದ 68 ಸಾವಿರ ಜನರ ಲೆಕ್ಕ. ಕೆಟ್ಟ ಕೊಲೆಸ್ಟ್ರಾಲ್ ಅಂತೀವಲ್ಲ, ಆ ಎಲ್‌ಡಿಎಲ್ ಹೆಚ್ಚಿದ್ದೋರು ಹೆಚ್ಚಿನ ಕಡೆ ಕಮ್ಮಿ ಇದ್ದೋರಷ್ಟೇ ಅಥವಾ ಅವರಿಗಿಂತ ಹೆಚ್ಚು ಬದುಕಿದ್ರು ಅಂತ ಅದರಲ್ಲಿದೆ. ವಾಟ್ಸಾಪ್ ಮೆಸೇಜಿಗೆ ಮೂಲ ಬಹುಶಃ ಇದೇ.

ಆದ್ರೆ ಹೆಚ್ಚಿದ್ದೋರು ಬದುಕಿದ್ರು ಅನ್ನೋದಕ್ಕೂ, ಹೆಚ್ಚಿದ್ದಿದ್ದಕ್ಕೇ ಬದುಕಿದ್ರು ಅನ್ನೋದಕ್ಕೂ ಅಜಗಜಾಂತರ ಇದೆ. ವಯಸ್ಸಾದ ದೇಹದಲ್ಲಿ ಕ್ಯಾನ್ಸರ್ ಒಳಗೊಳಗೇ ಬೆಳೀತಿದ್ರೆ, ಲಿವರ್ ಸೋತಿದ್ರೆ, ಸೋಂಕು ಬಿಡದೆ ಕಾಡ್ತಿದ್ರೆ, ಊಟ ಸೇರದೆ ಮೈ ಇಳೀತಿದ್ರೆ ಕೊಲೆಸ್ಟ್ರಾಲ್ ತಾನಾಗೇ ಇಳಿಯುತ್ತೆ. ಕೊಲೆಸ್ಟ್ರಾಲ್ ಇಳಿದಿದ್ದಕ್ಕೆ ಆ ಮನುಷ್ಯ ಸತ್ತ ಅಂತ ಹೇಳೋದು, ಎಲೆ ಉದುರಿದ್ದಕ್ಕೆ ಮರ ಒಣಗ್ತು ಅಂದ ಹಾಗೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 1987ರಲ್ಲೇ ಇದು ಕಾಣಿಸಿತ್ತು, ಕೊಲೆಸ್ಟ್ರಾಲ್ ವರ್ಷ ವರ್ಷ ಇಳೀತಾ ಬಂದೋರಲ್ಲಿ ಮುಂದೆ ಸಾವು ಹೆಚ್ಚು. ಇನ್ನೊಂದು ಏನಂದ್ರೆ ಕೊಲೆಸ್ಟ್ರಾಲಿಂದ ಹಾನಿ ಆಗ್ಬೇಕಿದ್ದ ಎಷ್ಟೋ ಜನ ಐವತ್ತು ಅರವತ್ತಕ್ಕೇ ಹಾರ್ಟ್ ಅಟ್ಯಾಕಲ್ಲಿ ಹೋಗಿರ್ತಾರೆ, ಎಂಬತ್ತೈದರಲ್ಲಿ ಲೆಕ್ಕಕ್ಕೆ ಸಿಗೋರು ಅದನ್ನ ತಡ್ಕೊಂಡು ಬಂದ ಗಟ್ಟಿ ಪಿಂಡಗಳು. ಹಾಗಂತ ಎಲ್ಲಾನೂ ಇದರಿಂದಲೇ ವಿವರಿಸೋಕಾಗಲ್ಲ, ಹೊನೊಲುಲುವಿನಲ್ಲಿ ಜಪಾನಿ ಮೂಲದ ವಯಸ್ಸಾದ ಗಂಡಸರನ್ನ ನೋಡಿದಾಗ ಇಪ್ಪತ್ತು ವರ್ಷ ಹಿಂದಿನಿಂದಲೂ ಕೊಲೆಸ್ಟ್ರಾಲ್ ಕಮ್ಮಿಯಾಗೇ ಇದ್ದೋರಲ್ಲೂ ಸಾವು ಹೆಚ್ಚೇ ಇತ್ತು. ಅದಕ್ಕೇ ಈ ಪ್ರಶ್ನೆ ಇನ್ನೂ ಮುಗಿದಿಲ್ಲ ಅಂತ ನಾನು ಹೇಳೋದು.

ನನ್ನ ಹತ್ರ ಬರೋ ಒಬ್ಬ ಅಜ್ಜಿ ಇದಾರೆ, ಎಂಬತ್ತು ದಾಟಿದೆ, ಬಿಪಿ ಮಾತ್ರೆ ಬಿಟ್ರೆ ಬೇರೇನಿಲ್ಲ. ಮಗ ಬೆಂಗಳೂರಲ್ಲಿ ಚೆಕಪ್ ಮಾಡಿಸಿ ರಿಪೋರ್ಟ್ ನೋಡಿ ಮನೆಯಲ್ಲಿ ಕಾನೂನು ಮಾಡ್ಬಿಟ್ಟಿದ್ರು. "ಕೊಬ್ರಿ ಮುಟ್ಬ್ಯಾಡ ಅಂದವ್ನೆ ಕಣಪ್ಪ, ತುಪ್ಪನೂ ಬ್ಯಾಡವಂತೆ, ಮೊಸರೂ ನೀರು ಮಾಡ್ಕೊಡ್ತರೆ, ಮುದ್ದೆ ಗಂಟಲಲ್ಲಿ ಇಳಿಯಾಕಿಲ್ಲ" ಅಂದ್ರು. ದುಡ್ಡು ಎಣಿಸಿ ಕೊಡೋಕೆ ಕೈ ಚಾಚಿದಾಗ ಗಾಜಿನ ಬಳೆ ಎಲ್ಲಾ ಜಾರಿ ಹೆಬ್ಬೆರಳ ಬುಡಕ್ಕೆ ಬಂದು ನಿಂತ್ಕೊಂಡ್ವು, ಅಷ್ಟು ಇಳಿದು ಹೋಗಿದ್ರು. ಆರು ತಿಂಗಳಾದ್ಮೇಲೆ ಟೆಸ್ಟ್ ಮಾಡಿಸಿ ಕೊಲೆಸ್ಟ್ರಾಲ್ ಕಮ್ಮಿ ಆಗಿದೆ ಅಂತ ಮಗ ಖುಷಿಯಾಗಿ ಫೋನ್ ಮಾಡಿದ್ರು, ನಾನು ತಾಯಿ ತೂಕ ಎಷ್ಟಿದೆ ಸಾರ್ ಅಂತ ಕೇಳಿದ್ರೆ ಯಾರೂ ನೋಡಿರಲಿಲ್ಲ. ಕೊಬ್ಬರಿ ಎಣ್ಣೆ ಎಲ್‌ಡಿಎಲ್ ಏರಿಸಲ್ಲ ಅಂತ ತಿಪಟೂರಿನವನಾದ್ರೂ ನಾನು ಹೇಳಲ್ಲ, ಏರಿಸುತ್ತೆ. ಆದ್ರೆ ಎಂಬತ್ತರ ಮೇಲೆ ಮಾಂಸಖಂಡ ಕರಗಿ, ಕಾಲು ಸೋತು, ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡ್ರೆ ಎಷ್ಟೋ ಜನ ಹಾಸಿಗೆ ಬಿಟ್ಟು ಏಳಲ್ಲ, ಆ ಭಯ ಈ ಕೊಬ್ಬರಿ ಭಯಕ್ಕಿಂತ ಎಷ್ಟೋ ದೊಡ್ಡದು.

ಇನ್ನು ಮಾತ್ರೆ ವಿಷಯ. ಸ್ಟ್ಯಾಟಿನ್, ಅಂದ್ರೆ ಈ ಕೊಲೆಸ್ಟ್ರಾಲ್ ಇಳಿಸೋ ಮಾತ್ರೆ, ಕೆಲಸ ಮಾಡುತ್ತೆ, ಅದರಲ್ಲಿ ಅನುಮಾನ ಇಲ್ಲ. 70ರಿಂದ 82 ವಯಸ್ಸಿನ 5,800 ಜನರ ಮೇಲೆ ಸ್ಕಾಟ್ಲೆಂಡು, ಐರ್ಲೆಂಡು, ನೆದರ್‌ಲ್ಯಾಂಡ್ಸಲ್ಲಿ ನಡೆದ ಪ್ರಾಸ್ಪರ್ ಅನ್ನೋ ಪ್ರಯೋಗ 2002ರಲ್ಲಿ ಬಂತು, ಅರ್ಧ ಜನಕ್ಕೆ ಪ್ರಾವಾಸ್ಟ್ಯಾಟಿನ್ ಅನ್ನೋ ಸ್ಟ್ಯಾಟಿನ್, ಅರ್ಧ ಜನಕ್ಕೆ ನೋಡೋಕೆ ಅದೇ ಥರ ಇರೋ, ಔಷಧಿ ಇಲ್ಲದ ಸುಳ್ಳು ಮಾತ್ರೆ. ಮೂರು ವರ್ಷದ ಮೇಲೆ ನೋಡಿದ್ರೆ ಹಾರ್ಟ್ ಅಟ್ಯಾಕು, ಸ್ಟ್ರೋಕು, ಹಾರ್ಟಿಂದ ಸಾವು ಎಲ್ಲಾ ಸೇರಿ ಸುಳ್ಳು ಮಾತ್ರೆಯೋರಲ್ಲಿ ನೂರಕ್ಕೆ 16.2, ನಿಜವಾದ ಮಾತ್ರೆಯೋರಲ್ಲಿ 14.1. ಆದ್ರೆ ಒಟ್ಟು ಸಾವು ಎರಡು ಕಡೆನೂ ಹೆಚ್ಚುಕಮ್ಮಿ ಒಂದೇ. ಅಂದ್ರೆ ಹಾರ್ಟಿಗೆ ಉಪಕಾರ ಆಯ್ತು, ಆಯಸ್ಸು ಮಾತ್ರ ಅಷ್ಟು ದಿನದಲ್ಲಿ ಉದ್ದ ಆಗ್ಲಿಲ್ಲ. 2019ರಲ್ಲಿ 28 ಪ್ರಯೋಗಗಳನ್ನ ಒಟ್ಟು ಮಾಡಿ ನೋಡಿದಾಗಲೂ 75 ದಾಟಿದೋರಲ್ಲಿ, ಮೊದಲೇ ಹಾರ್ಟ್ ತೊಂದರೆ ಅಥವಾ ಸ್ಟ್ರೋಕ್ ಆಗಿದ್ದೋರಿಗೆ ಉಪಯೋಗ ಸ್ಪಷ್ಟ, ಏನೂ ಆಗದೇ ಇದ್ದೋರಿಗೆ ಸಾಕ್ಷಿ ಅಷ್ಟು ಗಟ್ಟಿ ಇಲ್ಲ ಅಂತಾನೇ ಬಂತು. ಇದನ್ನ ತಿಳ್ಕೊಳ್ಳೋಕೇ ಅಂತ ಆಸ್ಟ್ರೇಲಿಯಾದಲ್ಲಿ ಒಂದು, ಅಮೆರಿಕದಲ್ಲಿ ಒಂದು ದೊಡ್ಡ ಪ್ರಯೋಗ ಶುರು ಮಾಡಿದ್ದು.

ಹಾಗಾಗಿ ಸ್ಟೆಂಟ್ ಆಗಿರೋ ಯಜಮಾನ್ರು ಮೆಸೇಜ್ ಓದಿ ಅಟೋರ್ವಾಸ್ಟ್ಯಾಟಿನ್ ಅನ್ನೋ ಸ್ಟ್ಯಾಟಿನ್ ಬಿಟ್ರೆ ನನಗೆ ಹೊಟ್ಟೆ ಉರಿಯುತ್ತೆ. ಅವರ ಪಾಲಿಗೆ ಅದು ಬರೀ ಕೊಲೆಸ್ಟ್ರಾಲ್ ಮಾತ್ರೆ ಅಲ್ಲ, ರಕ್ತನಾಳದೊಳಗೆ ಕಟ್ಕೊಂಡಿರೋ ಕೊಬ್ಬಿನ ಗಡ್ಡೆ ಒಡೆಯದ ಹಾಗೆ ಹಿಡಿದಿಡೋ ಮಾತ್ರೆ, ರಿಪೋರ್ಟಲ್ಲಿ ನಂಬರ್ ಚೆನ್ನಾಗಿದ್ರೂ ನುಂಗ್ಬೇಕು. ಚೆನ್ನಾಗಿರೋದೇ ನುಂಗ್ತಿರೋದಕ್ಕೆ ಅನ್ನೋದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿ. ಲಕ್ಷಾಂತರ ಜನರ ಲೆಕ್ಕ ಹಾಕಿದ 2007ರ ಒಂದು ಅಧ್ಯಯನದ ಪ್ರಕಾರ ಕೊಲೆಸ್ಟ್ರಾಲ್ 39 ಪಾಯಿಂಟ್ ಕಮ್ಮಿ ಇದ್ರೆ ನಲವತ್ತರ ವಯಸ್ಸಲ್ಲಿ ಹಾರ್ಟಿಂದ ಸಾಯೋರು ಹತ್ರಹತ್ರ ಅರ್ಧ ಕಮ್ಮಿ, ಎಪ್ಪತ್ತು ದಾಟಿದ್ಮೇಲೆ ಆರರಲ್ಲಿ ಒಂದು ಪಾಲು ಕಮ್ಮಿ. ನಂಟು ಸಡಿಲ ಆಗುತ್ತೆ, ಕಡಿದು ಹೋಗಲ್ಲ. ಮತ್ತೆ ನಲವತ್ತರ ಮಗ ತಾಯಿ ವಯಸ್ಸಿನೋರ ಬಗ್ಗೆ ಇರೋ ಮೆಸೇಜ್ ಓದಿ ತನ್ನ ಎಲ್‌ಡಿಎಲ್ 190 ಇದ್ರೂ ಪರ್ವಾಗಿಲ್ಲ ಅಂದ್ಕೊಳ್ಳೋದು ಅದಕ್ಕಿಂತ ಅಪಾಯ.

ಕಾಲು ನೋವು ಅಂತ ಬಿಡೋರೂ ಇದಾರೆ. ಸ್ಟ್ಯಾಟಿನಿಂದ ಕೆಲವರಿಗೆ ಮಾಂಸಖಂಡ ನೋಯೋದು ನಿಜ, ಆದ್ರೆ ತೊಂದರೆ ಅಂತ ಬಿಟ್ಟಿದ್ದ 60 ಜನಕ್ಕೆ ಒಂದು ತಿಂಗಳು ನಿಜವಾದ್ದು ಒಂದು ತಿಂಗಳು ಸುಳ್ಳು ಮಾತ್ರೆ ಹೀಗೆ ಬದಲಾಯಿಸಿ ಕೊಟ್ಟು ನೋಡಿದಾಗ ನೋವಿನ ಬಹುಪಾಲು ಸುಳ್ಳು ಮಾತ್ರೆಲೂ ಬಂದಿತ್ತು. ನಾನು ಇದಕ್ಕಿಂತ ಹೆದರೋದು ಬೇರೆ ಔಷಧಿ ಜೊತೆ ಕೂಡೋದಕ್ಕೆ, ಕೆಮ್ಮು ಕಫ ಅಂತ ಕ್ಲಾರಿಥ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ ಬರೆದಿರ್ತಾರೆ, ಮನೇಲಿ ಅಟೋರ್ವಾಸ್ಟ್ಯಾಟಿನ್ ನಡೀತಿರುತ್ತೆ, ಎರಡೂ ಸೇರಿದ್ರೆ ರಕ್ತದಲ್ಲಿ ಸ್ಟ್ಯಾಟಿನ್ ಏರಿ ಮಾಂಸಖಂಡಕ್ಕೆ ಪೆಟ್ಟು ಬೀಳಬಹುದು. ವಯಸ್ಸಾದೋರನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋವಾಗ ನುಂಗ್ತಿರೋ ಸ್ಟ್ರಿಪ್ ಎಲ್ಲಾ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ.

ಲ್ಯಾಬಿನವ್ರಿಗೂ ನನ್ನ ಒಂದು ಮನವಿ ಇದೆ. ಮೂವತ್ತರ ಹುಡುಗನಿಗೂ ತೊಂಬತ್ತರ ಅಜ್ಜನಿಗೂ 200ರ ಒಳಗೆ ಅಂತ ಒಂದೇ ಗೆರೆ ಪ್ರಿಂಟ್ ಮಾಡಿ ದಪ್ಪಕ್ಷರ ಹಾಕಿ ಕಳಿಸ್ತೀರಿ, ಕೆಳಗೆ ವಯಸ್ಸು ಮತ್ತೆ ಹಳೇ ಕಾಯಿಲೆ ನೋಡಿ ಡಾಕ್ಟ್ರೇ ತೀರ್ಮಾನ ಮಾಡ್ಬೇಕು ಅಂತ ಕನ್ನಡದಲ್ಲಿ ಒಂದು ಸಾಲು ಹಾಕೋಕೆ ಖರ್ಚೇನೂ ಇಲ್ಲ. ಕೊಲೆಸ್ಟ್ರಾಲ್ ಹಳೇ ರಿಪೋರ್ಟಿಗಿಂತ ತೀರಾ ಇಳಿದಿದ್ರೆ, ಮಾತ್ರೆನೂ ನುಂಗ್ತಿಲ್ಲ ಅಂದ್ರೆ, ಅದನ್ನೂ ಎತ್ತಿ ತೋರಿಸಿ, ಯಾಕಂದ್ರೆ ಯಾರೂ ಅದನ್ನ ಕಾಯಿಲೆ ಸೂಚನೆ ಅಂತ ನೋಡಲ್ಲ, ಒಳ್ಳೇದಾಯ್ತು ಅಂತ ಸುಮ್ನಾಗ್ತಾರೆ.

ತಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟೇ. ಆರೋಗ್ಯದ ಪುಟದಲ್ಲಿ ಕೊಲೆಸ್ಟ್ರಾಲ್ ಬಗ್ಗೆ ಬರೆದಾಗ ಅದು ಯಾವ ವಯಸ್ಸಿನೋರಿಗೆ, ಮೊದಲು ಹಾರ್ಟ್ ಅಟ್ಯಾಕ್ ಆದೋರಿಗಾ ಆಗದೇ ಇರೋರಿಗಾ ಅನ್ನೋದನ್ನ ಹೆಡ್ಡಿಂಗ್ ಕೆಳಗೇ ಹಾಕಿ. ಸಾಧ್ಯ ಆದ್ರೆ 75 ದಾಟಿದ ಓದುಗರ ಪ್ರಶ್ನೆಗೆ ಅಂತಾನೇ ವೃದ್ಧರನ್ನ ನೋಡೋ ಒಬ್ಬ ಡಾಕ್ಟ್ರ ಹತ್ರ ಒಂದು ಪುಟ ಬರೆಸಿ, ಅಕ್ಷರ ದೊಡ್ಡದಾಗಿರಲಿ, ನಮ್ಮ ಅಂಗಡಿ ಬಾಗಿಲಿಗೆ ಅಂಟಿಸ್ತೀನಿ.

ಇತಿ,
ಒಬ್ಬ ಓದುಗ, ತಿಪಟೂರು